ತಿಪ್ಪೆ ಗೊಬ್ಬರ ಬಿದ್ದ ಹೊಲದಲ್ಲಿ ಅಟ್ರಾಜಿನ್

ನಮ್ಮದು ದಾವಣಗೆರೆ ಕಡೆಯ ಮಳೆ ನಂಬಿದ ಬೇಸಾಯ. ಮುಂಗಾರಿಗೆ ಮೆಕ್ಕೆಜೋಳ, ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ. ಮೆಕ್ಕೆಜೋಳ ಬಿತ್ತಿದ ಮೂರು ದಿನದೊಳಗೆ, ನೆಲ ಹಸಿ ಇರುವಾಗ ಅಟ್ರಾಜಿನ್ ಅನ್ನೋ ಕಳೆ ಔಷಧಿ ಹೊಡೆಯುತ್ತೇವೆ. ಮೊದಲು ಎರೆಗೂ ಕೆಂಪು ಮಣ್ಣಿನ ಮಸಾರಿಗೂ ಒಂದೇ ಅಳತೆ ಇತ್ತು. ಆದರೂ ವರ್ಷ ವರ್ಷ ತಿಪ್ಪೆ ಗೊಬ್ಬರ ಕಂಡ ಎರೆಯಲ್ಲಿ ಕಳೆ ಬೇಗ ಏಳುತ್ತಿತ್ತು, ಕೆಂಪು ಮಸಾರಿ ಮಾತ್ರ ಚೊಕ್ಕವಾಗಿರುತ್ತಿತ್ತು. ಮಣ್ಣು ಪರೀಕ್ಷೆಯ ಕಾರ್ಡ್ ನೋಡಿದೆ. ಸಾವಯವ ಇಂಗಾಲ ಮಸಾರಿಯಲ್ಲಿ ಶೇ 0.5ಕ್ಕಿಂತ ಕಡಿಮೆ, ಎರೆಯಲ್ಲಿ 0.75 ದಾಟಿತ್ತು.

ಕಳೆಯ ಬೇರು ಹೀರುವುದು ಮಣ್ಣಿನ ನೀರಲ್ಲಿ ಕರಗಿರುವ ಔಷಧಿಯನ್ನು ಮಾತ್ರ. ಗೊಬ್ಬರ ಕೊಳೆತು ಆಗುವ ಕಪ್ಪು ಅಂಶವೇ ಹ್ಯೂಮಸ್, ಸಾವಯವ ಇಂಗಾಲ ಅದರ ಅಳತೆ. ಅದು ಅಟ್ರಾಜಿನ್ ಅನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಹ್ಯೂಮಸ್ ಜಾಸ್ತಿಯಾದಷ್ಟೂ ನೀರಲ್ಲಿ ಉಳಿಯುವುದು ಕಡಿಮೆ. ಅಂಟಿದ್ದರಲ್ಲಿ ಸ್ವಲ್ಪ ಬಿಗಿಯಾಗಿ ಕೂರುತ್ತದೆ, ಉಳಿದದ್ದು ನಿಧಾನವಾಗಿ ಮತ್ತೆ ನೀರಿಗೆ ಬರುತ್ತದೆ. ಮಸಾರಿಯಲ್ಲಿ ಹಿಡಿಯುವವರಿಲ್ಲ. ಜೋರು ಮಳೆ ಬಂದರೆ ಔಷಧಿ ಕೆಳಗಿಳಿಯುತ್ತದೆ, ಬಾವಿ ನೀರಿಗೂ ಅದು ಒಳ್ಳೆಯದಲ್ಲ.

ಡೋಸ್ ಏರಿಸಿ ಅಂತ ಹೇಳಿದವರು ಬೇಕಾದಷ್ಟು ಜನ. ನಾನು ಜಾಸ್ತಿ ಏರಿಸಲಿಲ್ಲ. ಈಗ ಶೇ 50ರ ಪುಡಿ ಮಸಾರಿಗೆ ಎಕರೆಗೆ 400 ಗ್ರಾಂ, ಎರೆಗೆ 500, ಅಷ್ಟೇ. ನಮ್ಮ ಎರೆ ಕ್ಷಾರದ ಮಣ್ಣು, ಅಲ್ಲಿ ಅಟ್ರಾಜಿನ್ ಒಡೆಯುವುದು ತಡ. ಅಳತೆ ಮೀರಿ ಸುರಿದರೆ ಹಿಂಗಾರಿ ಕಡಲೆಗೆ ಪೆಟ್ಟು ಬೀಳುತ್ತದೆ. ಉಳಿದ ಕಳೆಗೆ ಇಪ್ಪತ್ತು ದಿನಕ್ಕೆಲ್ಲ ಎಡೆಕುಂಟೆ ಹೊಡೆಯುತ್ತೇನೆ. ಜೇಕು ಕಳೆಗಂತೂ ಈ ಔಷಧಿ ನೆಚ್ಚಿಕೊಳ್ಳೋದೇ ಬೇಡ. ಹಳೇ ದಂಟು, ರವದಿ ನೆಲದ ಮೇಲೆ ಹಾಸಿದಂತೆ ಬಿದ್ದಿದ್ದರೆ ಸಿಂಪಡಣೆ ಮಣ್ಣಿಗೇ ತಲುಪುವುದಿಲ್ಲ, ಅದಕ್ಕೆ ಮೊದಲೇ ಕುಂಟೆ ಹೊಡೆದು ಬೆರೆಸುತ್ತೇನೆ. ಸುಡುವುದಿಲ್ಲ. ಸುಟ್ಟ ಕಡೆ ಉಳಿಯುವ ಇದ್ದಿಲ ಕರಿ ಹ್ಯೂಮಸ್‌ಗಿಂತ ಗಟ್ಟಿಯಾಗಿ ಔಷಧಿ ಹಿಡಿಯುತ್ತದೆ. ದಂಟಿನ ರಾಶಿ ಸುಟ್ಟ ಜಾಗದಲ್ಲೇ ಕಳೆ ಒತ್ತಾಗಿ ಬರುವುದನ್ನು ನೀವೂ ನೋಡಿರಬಹುದು, ಅಲ್ವಾ?

ಎಲ್ಲ ಕಳೆ ಔಷಧಿಗೂ ಇದೇ ಲೆಕ್ಕ ಅನ್ಕೋಬೇಡಿ. ಪೆಂಡಿಮೆಥಾಲಿನ್ ಹ್ಯೂಮಸ್‌ಗೆ ಇನ್ನೂ ಬಲವಾಗಿ ಅಂಟುತ್ತದೆ. ಗ್ಲೈಫೋಸೇಟ್ ಅಂಟುವುದು ಮುಖ್ಯವಾಗಿ ಜೇಡಿಗೆ, ಕೆಂಪು ಮಣ್ಣಿನ ಕಬ್ಬಿಣಕ್ಕೆ. ಕೆರೆಯ ಕೆಸರು ನೀರಲ್ಲಿ ಕಲಸಿದರೆ ಅದು ಟ್ಯಾಂಕಿನಲ್ಲೇ ಸತ್ತಂತೆ.

ಕಡಲೆ ಬಿತ್ತುವ ಮುಂಚೆ, ಹೊಲದಲ್ಲಿ ಅಟ್ರಾಜಿನ್ ಉಳಿದಿದೆಯಾ ಅಂತ ಕುಂಡದ ಪರೀಕ್ಷೆ ಮಾಡುತ್ತೇನೆ. ಹೊಲದ ನಾಲ್ಕಾರು ಕಡೆಯಿಂದ ಮೇಲಿನ ನಾಲ್ಕು ಇಂಚು ಮಣ್ಣು ಒಂದು ಕುಂಡಕ್ಕೆ, ಔಷಧಿ ಕಾಣದ ಬದುವಿನ ಮಣ್ಣು ಇನ್ನೊಂದಕ್ಕೆ. ಎರಡರಲ್ಲೂ ಸೌತೆ ಬೀಜ. ಮೊಳಕೆ ಬಂತು ಅಂತ ಖುಷಿಪಡಬಾರದು, ಅಟ್ರಾಜಿನ್ ಮೊಳಕೆ ತಡೆಯುವುದಿಲ್ಲ. ನಿಜವಾದ ಎಲೆ ಬಿಟ್ಟ ಮೇಲೆ ಅಂಚು ಹಳದಿಯಾಗಿ ಒಣಗುತ್ತದೆಯಾ ಅಂತ ಎರಡು ಮೂರು ವಾರ ಕಾಯಬೇಕು. ಮಳೆ ಕಡಿಮೆಯಾದ ವರ್ಷ ಔಷಧಿ ಬೇಗ ಒಡೆಯದೆ ಉಳಿಯುತ್ತದೆ. ಅಂಥ ಒಂದು ವರ್ಷ ಹೊಲದ ಮಣ್ಣಿನ ಕುಂಡದಲ್ಲಿ ಅಂಚು ಹಳದಿಯಾಯಿತು. ಕಡಲೆ ಬಿಟ್ಟು ಬಿಳಿ ಜೋಳ ಹಾಕಿದೆ. ಜೋಳ ಅಟ್ರಾಜಿನ್ ತಡೆದುಕೊಳ್ಳುತ್ತದೆ.