ಮೊದಲು ಫೋಟೋ, ಆಮೇಲೆ ಹೆಂಚು: ಗಾಳಿಮಳೆಗೆ ಮನೆ ಹಾನಿಯಾದರೆ ಏನು ಮಾಡಬೇಕು

ತಾಲೂಕು ಕಚೇರಿ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು. ಅರ್ಜಿಯನ್ನೂ ಬರೆದುಕೊಡುತ್ತೇನೆ. ಉಡುಪಿಯ ಕಡಲ ಬದಿಯಲ್ಲವಾ, ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆಯಿತು ಎಂದರೆ ಮರ ಬಿದ್ದವರು, ಹೆಂಚು ಹಾರಿದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠ ಆಗಿರುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಮನೆಯ ಕಥೆ ಕೇಳಿ. 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ. ಅದು ನೆಲ ಮುಟ್ಟಿದ್ದು ಗುಜರಾತಿನಲ್ಲಿ. ಹೋಗುವ ದಾರಿಯಲ್ಲೇ ನಮ್ಮ ಕರಾವಳಿಯನ್ನು ಅಲ್ಲಾಡಿಸಿ ಹೋಯಿತು. ನಮ್ಮ ಅಡುಗೆಮನೆ ಮೇಲೆ ತೆಂಗಿನಮರ ಬಿತ್ತು. ಹೆಂಚು ಹೊರುವ ಮರಗಳಲ್ಲಿ ಎರಡು ಪಕಾಸು ತುಂಡು, ರೀಪು ಲೆಕ್ಕವಿಲ್ಲ, ಹೆಂಚು ನೂರರ ಹತ್ತಿರ. ಒಲೆ ಮೇಲೆ ನೀರು ಬೀಳುವುದನ್ನು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ಮರುದಿನವೇ ಅಣ್ಣ ಮರ ಕಡಿಸಿ, ಹಳೇ ಕೊಟ್ಟಿಗೆಯ ಹೆಂಚು ತಂದು ಹೊದೆಸಿಬಿಟ್ಟ. ನಾಲ್ಕನೇ ದಿನ ಬಂದ ಅಧಿಕಾರಿ ಮಾಡಿನ (ಛಾವಣಿಯ) ಕಡೆ ಕತ್ತೆತ್ತಿ ನೋಡಿ, “ಹಾನಿ ಎಲ್ಲುಂಟು ಅಮ್ಮಾ?” ಎಂದರು. ನಮ್ಮ ಹತ್ತಿರ ಒಂದು ಫೋಟೋ ಇಲ್ಲ. ಮಹಜರಿನಲ್ಲಿ, ಅಂದರೆ ಸ್ಥಳ ನೋಡಿ ಬರೆಯುವ ವರದಿಯಲ್ಲಿ, “ಅಲ್ಪ ಹಾನಿ” ಎಂದು ಬರೆದುಕೊಂಡು ಹೋದರು. ಅಲ್ಪ ಹಾನಿಗೆ ದುಡ್ಡಿಲ್ಲ. ಊರಿಗೆಲ್ಲ ಅರ್ಜಿ ಬರೆಯುವವಳ ಮನೆಯಲ್ಲೇ ಹೀಗಾಯಿತು ಮಾರಾಯ್ರೆ!

ಹಾಗಾಗಿ ಒಂದು ಹೆಂಚು ಮುಟ್ಟುವ ಮೊದಲು ಫೋಟೋ ತೆಗೆಯಿರಿ. ದೂರದಿಂದ ಒಂದು, ಇಡೀ ಮನೆಯೂ ಬಿದ್ದ ಮರವೂ ಕಾಣುವ ಹಾಗೆ. ಬಾಗಿಲ ಮೇಲಿನ ಮನೆ ನಂಬರಿನದ್ದು ಒಂದು. ಒಳಗೆ ನಿಂತು ಆಕಾಶ ಕಾಣುವ ಹಾಗೆ ಒಂದು. ಗೋಡೆ ಬಿರುಕು ಬಿಟ್ಟಿದ್ದರೆ ಅದನ್ನು ಮರೆಯಬೇಡಿ. ಎಲ್ಲರೂ ಮಾಡು ತೋರಿಸುತ್ತಾರೆ, ನೀರು ಕುಡಿದು ಉಬ್ಬಿದ ಮಣ್ಣಿನ ಗೋಡೆ ತೋರಿಸುವುದಿಲ್ಲ. ತಾರೀಕು, ಜಾಗ ಬೀಳುವ ಕ್ಯಾಮೆರಾ ಆ್ಯಪ್ ಮೊಬೈಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಟಾರ್ಪಾಲು ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಡೆದ ಹೆಂಚನ್ನು ಎಸೆಯದೆ ಅಂಗಳದ ಮೂಲೆಯಲ್ಲಿ ರಾಶಿ ಹಾಕಿ ಇಡಿ.

ಕರೆಂಟಿನ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತಿನ ಅಪಾಯಕ್ಕೆ ಜಿಲ್ಲಾ ಕಂಟ್ರೋಲ್ ರೂಮ್ 1077 ಉಂಟು. ಬೆಳಗಾದ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಹೆಸರು ಬದಲಾದರೂ ನಮಗೆ ಅವರು ಈಗಲೂ ವಿಎ, ಅಂದರೆ ವಿಲೇಜ್ ಅಕೌಂಟೆಂಟ್. ಅವರು ಸಿಗದಿದ್ದರೆ ಉಗ್ರಾಣಿಯನ್ನು (ಗ್ರಾಮ ಸಹಾಯಕರನ್ನು) ಹಿಡಿಯಿರಿ. ಯಾರ ಮನೆ ಯಾವ ಓಣಿಯಲ್ಲಿ ಎಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಹೇಳಿದ್ದು ಸಾಲದು. ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದು, ಟಪಾಲು ವಿಭಾಗದಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ನಂಬರು ಹಾಕಿಸಿಕೊಳ್ಳಿ.

ಅರ್ಜಿ ಉದ್ದ ಬೇಡ. “ನಿನ್ನೆ ರಾತ್ರಿ ಸುಮಾರು 2 ಗಂಟೆಗೆ ಬೀಸಿದ ಗಾಳಿಗೆ ತೆಂಗಿನಮರ ಬಿದ್ದು, ನಾವು ವಾಸವಿರುವ ಇಂಥ ನಂಬರಿನ ಮನೆಯ ಅಡುಗೆಕೋಣೆಯ ಮಾಡು ಮತ್ತು ಪಡುಬದಿಯ ಗೋಡೆಗೆ ಹಾನಿಯಾಗಿದೆ. ಸ್ಥಳ ಪರಿಶೀಲಿಸಿ ಪರಿಹಾರ ಕೊಡಿಸಬೇಕು.” ಇಷ್ಟು ಸಾಕು. ಸರ್ಕಾರ ಬಡವರನ್ನು ಮರೆತಿದೆ ಎಂದು ಒಂದು ಪುಟ ಬರೆಸುವವರಿದ್ದಾರೆ. ಬರೆಯಲು ನನಗೇನೂ ಕಷ್ಟವಿಲ್ಲ, ಓದುವವರು ಇಲ್ಲ ಅಷ್ಟೆ.

ಮಹಜರಿನ ದಿನ ಮನೆಯಲ್ಲೇ ಇರಿ, ಕೆಲಸಕ್ಕೆ ರಜೆ ಹಾಕಿದರೂ ಸರಿ. ನಿಮಗೆ ಎಷ್ಟು ಸಿಗುತ್ತದೆ ಎನ್ನುವುದು ಅಲ್ಲಿ ಬರೆಯುವ ಒಂದೆರಡು ಪದದಲ್ಲೇ ತೀರ್ಮಾನ ಆಗುತ್ತದೆ. ಕೇಂದ್ರದ 2022-26ರ ಮಾನದಂಡದಲ್ಲಿ, ಭಾಗಶಃ ಹಾನಿ ಎನಿಸಿಕೊಳ್ಳಲು ಕನಿಷ್ಠ ಶೇಕಡಾ 15ರಷ್ಟು ಹಾನಿ ಆಗಿರಬೇಕು. ಆಗ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಪೂರ್ತಿ ಹೋದರೆ ಅಥವಾ ತೀವ್ರ ಹಾನಿಯಾದರೆ 1,20,000. ನಡುವಿನ ಅಂತರ ನೋಡಿ! ರಾಜ್ಯ ಸರ್ಕಾರ ತನ್ನ ಕಡೆಯಿಂದ ಜಾಸ್ತಿ ಸೇರಿಸಿದ ವರ್ಷಗಳೂ ಇವೆ. ಆದ್ದರಿಂದ ಆ ವರ್ಷದ ಆದೇಶ ಏನುಂಟು ಎಂದು ಕೇಳಿಕೊಳ್ಳಿ. ಮಹಜರಿಗೆ ಸಹಿ ಹಾಕುವ ಮೊದಲು ಓದಿ, ಕನ್ನಡಕ ಇಲ್ಲದಿದ್ದರೆ ಮಗಳ ಹತ್ತಿರ ಓದಿಸಿ. ಗೋಡೆಯ ವಿಷಯ ಬಿಟ್ಟುಹೋಗಿದ್ದರೆ ಅಲ್ಲೇ ಹೇಳಿ ಸೇರಿಸಿ. ಒಪ್ಪದಿದ್ದರೆ ಅದೇ ದಿನ ಫೋಟೋ ಸಮೇತ ತಹಶೀಲ್ದಾರರಿಗೆ ಆಕ್ಷೇಪಣೆ ಕೊಡಿ. ನಾನು ಅವತ್ತು ಕೊಡಲಿಲ್ಲ.

ಕಾಗದಗಳು: ಆಧಾರ್, ರೇಷನ್ ಕಾರ್ಡ್, ಮನೆ ತೆರಿಗೆ ರಶೀದಿ ಅಥವಾ ಆರ್‌ಟಿಸಿ, ಪಾಸ್‌ಬುಕ್‌ನ ಮೊದಲ ಪುಟ. ಎರಡು ಕಡೆ ಎಡವುತ್ತಾರೆ. ಒಂದು, ಕುಟುಂಬದ ಮನೆ. ಆರ್‌ಟಿಸಿಯಲ್ಲಿ ತೀರಿಹೋದ ಅಜ್ಜಿಯಿಂದ ಹಿಡಿದು ಹನ್ನೆರಡು ಹೆಸರು, ವಾಸ ಮಾತ್ರ ಒಬ್ಬರದ್ದೇ. ಅಂಥ ಕಡೆ ಅದೇ ವಿಳಾಸದ ರೇಷನ್ ಕಾರ್ಡು, ಉಳಿದವರ ಒಪ್ಪಿಗೆ ಪತ್ರ ಜೊತೆಗಿಡಲು ಹೇಳುತ್ತೇನೆ. ಇನ್ನೊಂದು, ಹಳೇ ಪಾಸ್‌ಬುಕ್. ನಮ್ಮೂರಿನ ಬ್ಯಾಂಕುಗಳೆಲ್ಲ ವಿಲೀನ ಆದವಲ್ಲ! 2019ರಲ್ಲಿ ವಿಜಯ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಶನ್ ಎರಡೂ. ಐಎಫ್‌ಎಸ್‌ಸಿ ಬದಲಾಗಿದೆ. ಅಜ್ಜಂದಿರು ಇನ್ನೂ ಸಿಂಡಿಕೇಟ್ ಪುಸ್ತಕವನ್ನೇ ಪ್ಲಾಸ್ಟಿಕ್ ಕವರಿನಿಂದ ತೆಗೆಯುತ್ತಾರೆ. ಹೊಸದು ಮಾಡಿಸಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ.

ದೋಣಿ, ಬಲೆ ಹೋದರೆ ಮೀನುಗಾರಿಕೆ ಇಲಾಖೆಗೂ, ಅಡಿಕೆ, ತೆಂಗು ಹೋದರೆ ತೋಟಗಾರಿಕೆ ಇಲಾಖೆಗೂ ಹೇಳಿ.

ಇನ್ನು ಊರಿನ ಕೆಲಸ. ಕಡಲ್ಕೊರೆತದ ತಡೆಗೋಡೆಗೆ ಪಂಚಾಯತ್ ಅಧ್ಯಕ್ಷರನ್ನು ಬೈದು ಪ್ರಯೋಜನ ಇಲ್ಲ, ಅದು ಬಂದರು ಇಲಾಖೆಯ ಕೆಲಸ. ತೋಡಿನ (ಸಣ್ಣ ಹಳ್ಳದ) ಹೂಳು, ಬೀದಿದೀಪ, ಒಳರಸ್ತೆ ಇವೆಲ್ಲ ಪಂಚಾಯತ್ ಅಥವಾ ಪುರಸಭೆಯದ್ದು. ಪುರಸಭೆಯ ಸಾಮಾನ್ಯ ಸಭೆಯಲ್ಲಿ ಮಾತಾಡುವುದು ಸದಸ್ಯರು. ನೀವು ವಾರ್ಡಿನ ಸದಸ್ಯರ ಕೈಗೆ ಸೀಲು ಹಾಕಿಸಿದ ಅರ್ಜಿಯ ಪ್ರತಿ ಕೊಡಿ. ಪಂಚಾಯತ್ ಆದರೆ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಹೇಳಬಹುದು. ಹೇಳಿ ಕೂತರೆ ಆಗಲಿಲ್ಲ, ಪಿಡಿಒ ಅದನ್ನು ಪುಸ್ತಕದಲ್ಲಿ ಬರೆದರಾ ನೋಡಿ.

ಸಭೆ ಮುಗಿದ ಮೇಲೆ ನಡಾವಳಿಯ (ಸಭೆಯ ತೀರ್ಮಾನ ಬರೆದ ದಾಖಲೆಯ) ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ನಡಾವಳಿ ಸಿಕ್ಕಿದಾಗ ಕೊನೆಯ ಪದ ಹುಡುಕಿ. “ಪರಿಶೀಲಿಸುವುದು” ಎಂದಿದ್ದರೆ ಏನೂ ಆಗಿಲ್ಲ. “ಕ್ರಿಯಾಯೋಜನೆಯಲ್ಲಿ ಸೇರಿಸುವುದು” ಎಂದಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ನಮ್ಮ ಮನೆ ಹಿಂದಿನ ತೋಡು ಮೂರು ಸಭೆಯಲ್ಲಿ “ಪರಿಶೀಲಿಸುವುದು” ಆಗಿ, ನಾಲ್ಕನೆಯದರಲ್ಲಿ ಸೇರಿತು. ಈ ಸಲ ಜೆಸಿಬಿ ಬಂದು ಹೂಳು ತೆಗೆದಿದೆ. ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಿ ಹೋಗಿದ್ದಾರೆ, ನಾಲ್ಕು ಮಳೆ ಬಂದರೆ ಮತ್ತೆ ಒಳಗೇ. ಅದಕ್ಕೊಂದು ಅರ್ಜಿ ಬರೆದಿಟ್ಟಿದ್ದೇನೆ, ಸೋಮವಾರ ಕೊಡಬೇಕು.