ಅಂಗಡಿ ಇಲ್ಲದ ಇಂಡಿಯಾದವ

ಟಾಂಜಾನಿಯಾದಲ್ಲಿ ಇಂಡಿಯಾದವನ ಮುಖ ಕಂಡ ಕೂಡಲೇ ಜನರಿಗೆ ನೆನಪಾಗುವುದು ಅಂಗಡಿ. ಗುಜರಾತ್, ಕಛ್ ಕಡೆಯಿಂದ ಹಡಗು ಹತ್ತಿ ಹೋದವರ ಮಕ್ಕಳು ಮೊಮ್ಮಕ್ಕಳು ಮ್ವಾಂಝಾದಂಥ ಪೇಟೆಗಳಲ್ಲಿ ತಲೆಮಾರುಗಳಿಂದ ಹಾರ್ಡ್‌ವೇರ್, ಬಟ್ಟೆ, ಬಿಡಿಭಾಗಗಳ ವ್ಯಾಪಾರ ಮಾಡಿಕೊಂಡಿದ್ದಾರೆ. ಹಳ್ಳಿ ದಾರಿಯಲ್ಲಿ ನನ್ನನ್ನು ಕಂಡವರು "ಮ್ಹಿಂದಿ (ಇಂಡಿಯಾದವನೇ), ನಿನ್ನ ಅಂಗಡಿ ಎಲ್ಲಿ?" ಎಂದು ಕೇಳಿದರೆ ಅದರಲ್ಲಿ ತಪ್ಪೇನಿದೆ? ಅಂಗಡಿ ಇಲ್ಲ, ಚರ್ಚಿನಲ್ಲಿದ್ದೇನೆ ಎಂದರೆ ಎರಡನೇ ಪ್ರಶ್ನೆ ಬರುತ್ತಿತ್ತು: "ಇಂಡಿಯಾದವರಲ್ಲೂ ಕ್ರೈಸ್ತರಿದ್ದಾರಾ?" ಯುರೋಪಿನ ಮಿಷನರಿಗಳನ್ನು ಅವರು ಬಲ್ಲರು. ಬಾಗಮೋಯೋದ ಕಡಲತೀರದಲ್ಲಿ ಕ್ಯಾಥೊಲಿಕ್ ಮಿಷನ್ ಶುರುವಾದದ್ದೇ 1868ರಲ್ಲಿ. ತಮ್ಮದೇ ನೆಲದ ಪಾದ್ರಿಗಳನ್ನೂ ಬಲ್ಲರು. 1960ರಲ್ಲಿ ಆಧುನಿಕ ಕಾಲದ ಮೊದಲ ಕಪ್ಪು ಆಫ್ರಿಕನ್ ಕಾರ್ಡಿನಲ್ ಆದ ಲೌರೆಯನ್ ರುಗಾಂಬ್ವಾ ವಿಕ್ಟೋರಿಯಾ ಸರೋವರದ ಆಚೆ ದಡದ ಬುಕೋಬಾದವರು. ಈ ಎರಡರ ನಡುವೆ ಬಂಟ್ವಾಳ ಕಡೆಯ ಒಬ್ಬ ಕೊಂಕಣಿ ಹುಡುಗನನ್ನು ಎಲ್ಲಿ ಕೂರಿಸುವುದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ನಾನಿನ್ನೂ ಗುರುದೀಕ್ಷೆ ಪಡೆದವನಲ್ಲ. ತತ್ತ್ವಶಾಸ್ತ್ರದ ಓದು ಮುಗಿದು ದೈವಶಾಸ್ತ್ರ ಶುರುವಾಗುವ ನಡುವಿನ ಅವಧಿಯಲ್ಲಿ ನಮ್ಮ ಸಂಸ್ಥೆಯವರು ಹೊರದೇಶದ ಒಂದು ಧರ್ಮಕೇಂದ್ರಕ್ಕೆ ಕಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಮ್ವಾಂಝಾ ಮತ್ತು ಶಿನ್ಯಾಂಗಾ ನಡುವಿನ, ಸುಕುಮಾ ಜನರ ಸೀಮೆ. ಅಲ್ಲಿ ನನ್ನಂಥವರಿಗೆ 'ಫ್ರಾತೇರಿ' ಎನ್ನುತ್ತಾರೆ. ಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಪ್ರಾರ್ಥನೆ ನಡೆಸಬಹುದು, ಕಲಿಸಬಹುದು, ಲೆಕ್ಕ ಬರೆಯಬಹುದು, ಮೋಟಾರ್‌ಸೈಕಲ್ ಓಡಿಸಬಹುದು. ಕೊನೆಯದನ್ನೇ ಹೆಚ್ಚು ಮಾಡಿದೆ ಅನ್ನಿ.

ಮೊದಲಿಗೆ ಸ್ವಾಹಿಲಿ ಕಲಿಯಲೆಂದು ಮುಸೋಮಾದ ಮಕೋಕೊ ಭಾಷಾ ಶಾಲೆಗೆ ಹಾಕಿದರು. ಅಮೆರಿಕದ ಮೇರಿನೋಲ್ ಮಿಷನರಿಗಳು ಕಟ್ಟಿದ ಶಾಲೆ ಅದು, ಸರೋವರದ ದಡದಲ್ಲೇ. ಕನ್ನಡ, ಕೊಂಕಣಿ, ತುಳು ಬಾಯಲ್ಲಿದ್ದವನಿಗೆ ಸ್ವಾಹಿಲಿ ಉಚ್ಚಾರ ಕಷ್ಟವಲ್ಲ. ಬರೆದಂತೆ ಓದುವ ಭಾಷೆ, ಪದಗಳೆಲ್ಲ ಸ್ವರದಲ್ಲೇ ನಿಲ್ಲುತ್ತವೆ. ಲಕ್ಷಕ್ಕೆ 'ಲಾಕಿ', ವಿಮೆಗೆ 'ಬಿಮಾ'. ಸಂತೆಯಲ್ಲಿ ಲಾಕಿ ಎಂದು ಕಿವಿಗೆ ಬಿದ್ದಾಗ ಮಂಗಳೂರಿನ ಬಂದರಿನಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ತಲೆ ತಿನ್ನುವುದು ನಾಮಪದಗಳ ಪಂಗಡಗಳು. ಮರ ಒಂದು ಪಂಗಡ, ಪುಸ್ತಕ ಇನ್ನೊಂದು, ಮನುಷ್ಯ ಮತ್ತೊಂದು. ಯಾವ ಪಂಗಡವೋ ಅದಕ್ಕೆ ಹೊಂದುವ ತಲೆಯಕ್ಷರವನ್ನು ವಿಶೇಷಣಕ್ಕೂ ಕ್ರಿಯಾಪದಕ್ಕೂ ಅಂಟಿಸಬೇಕು. ಗಡಿಯಾರವೂ ಬೇರೆ: ಸೂರ್ಯ ಹುಟ್ಟಿದಲ್ಲಿಂದ ಎಣಿಕೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಪೂಜೆ ಒಂದು ಗಂಟೆಗೆ ಎಂದರೆ ಮುಂಜಾನೆ ಏಳಕ್ಕೆ ಹಾಜರಿರಬೇಕು.

ಅಲ್ಲಿ ವ್ಯಾಕರಣದ ಚರಿತ್ರೆ ಓದುವಾಗ ಒಂದು ಸಂಗತಿ ಸಿಕ್ಕಿತು. ಸ್ವಾಹಿಲಿಗೆ ಮೊದಮೊದಲ ವ್ಯಾಕರಣ ಬರೆದ, ದೊಡ್ಡ ನಿಘಂಟು ಮಾಡಿದ ಲುಡ್‌ವಿಗ್ ಕ್ರಾಫ್ 1844ರಲ್ಲಿ ಮೊಂಬಾಸಾಕ್ಕೆ ಬಂದಿಳಿದವನು. ಅದೇ ವರ್ಷ ಹೆಂಡತಿಯನ್ನೂ ಹಸುಗೂಸು ಮಗಳನ್ನೂ ಅಲ್ಲೇ ಮಣ್ಣು ಮಾಡಿದ. ಅವನ ನಿಘಂಟು ಅಚ್ಚಾದದ್ದು 1882ರಲ್ಲಿ, ಅವನು ತೀರಿಕೊಂಡ ಮೇಲೆ. ಈ ಕ್ರಾಫ್ ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ. ನಮ್ಮ ಕಿಟೆಲ್ ಹೊರಟದ್ದೂ ಅಲ್ಲಿಂದಲೇ: 1853ರಲ್ಲಿ ಇಂಡಿಯಾಕ್ಕೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದ. ಇಬ್ಬರೂ ಪ್ರೊಟೆಸ್ಟೆಂಟರು, ನಾನು ಕ್ಯಾಥೊಲಿಕ್. ಇರಲಿ, ಪದ ಹೆಕ್ಕುವ ಕೆಲಸಕ್ಕೆ ಪಂಥವಿಲ್ಲ. ಒಂದು ಕಾಲದಲ್ಲಿ ಮಿಷನರಿಗಳನ್ನು ಬರಮಾಡಿಕೊಂಡ ಊರಿನವನು ನಾನೀಗ ಮಿಷನರಿಯಾಗಿ ಬಂದಿದ್ದೆ. ಕಿಟೆಲ್‌ನ ಬಾಯಲ್ಲಿ ಮೊದಮೊದಲು ಕನ್ನಡ ಎಷ್ಟು ತೊದಲಿರಬೇಕು, ಕೇಳಿ ನಕ್ಕವರೆಷ್ಟು ಮಂದಿಯೋ ಎಂದು ಎಣಿಸಿಕೊಂಡರೆ ನನ್ನ ತೊದಲು ಹಗುರವಾಗುತ್ತಿತ್ತು.

ಧರ್ಮಕೇಂದ್ರ ಅಂದರೆ ನಮ್ಮ ಕರಾವಳಿಯ ಹಾಗೆ ಗಂಟೆಯ ಸದ್ದು ಕೇಳುವಷ್ಟು ದೂರದ್ದಲ್ಲ. ಮುಖ್ಯ ಚರ್ಚು ಒಂದು ಕಡೆ, ಅದಕ್ಕೆ ಸೇರಿದ 'ಕಿಗಾಂಗೊ' ಎಂಬ ಉಪಕೇಂದ್ರಗಳು ಹತ್ತಾರು ಹಳ್ಳಿಗಳಲ್ಲಿ. ಪಾದ್ರಿ ಒಂದೊಂದಕ್ಕೆ ತಿಂಗಳಿಗೊಮ್ಮೆ ಮುಟ್ಟಿದರೆ ಪುಣ್ಯ. ಉಳಿದ ಭಾನುವಾರಗಳಲ್ಲಿ ಆ ಊರಿನ ಚರ್ಚನ್ನು ನಡೆಸುವವನು ಕಾಟೆಕಿಸ್ಟಾ, ಅಂದರೆ ಉಪದೇಶಿ. ಅವನೂ ಹೊಲ ಉಳುವವನೇ. ಶುಭಸಂದೇಶ ಓದಿ ಪ್ರಬೋಧನೆ ಹೇಳುತ್ತಾನೆ, ದೀಕ್ಷಾಸ್ನಾನಕ್ಕೆ ಜನರನ್ನು ಸಿದ್ಧ ಮಾಡುತ್ತಾನೆ, ಸತ್ತವರನ್ನು ಮಣ್ಣು ಮಾಡುತ್ತಾನೆ, ಗಂಡ ಹೆಂಡಿರ ಜಗಳ ಬಿಡಿಸುತ್ತಾನೆ. ಕೈಗೆ ಬರುವ ಹಣ ಹೇಳಿಕೊಳ್ಳುವಂಥದ್ದಲ್ಲ. ಮಿಷನರಿ ಹೋಗಿ ಧರ್ಮ ಸಾರುತ್ತಾನೆ ಎಂದು ಊರಲ್ಲಿ ಅಂದುಕೊಂಡಿರುತ್ತೇವೆ. ನಾನು ಕಂಡಂತೆ ಸಾರುವವನು ಈ ಉಪದೇಶಿ. ಹೊರಗಿನಿಂದ ಹೋದವನು ಅವನ ಹಿಂದೆ ಚೀಲ ಹೊತ್ತು ನಡೆದರೆ ಸಾಕು. ನನಗೆ ಸಿಕ್ಕ ಉಪದೇಶಿ ನನ್ನ ತಂದೆಯ ವಯಸ್ಸಿನವರು. ಅವರನ್ನು ನಾನು 'ಮ್ಝೇ', ಅಂದರೆ ಹಿರಿಯರೇ, ಎಂದೇ ಕರೆಯುತ್ತಿದ್ದೆ, ಹಿರಿಯರಿಗೆ ಹೇಳಬೇಕಾದ 'ಶಿಕಾಮೋ'ವನ್ನು ನಾನೇ ಮೊದಲು ಹೇಳುತ್ತಿದ್ದೆ. ಅವರು 'ಮರಹಬಾ' ಎಂದು ಸ್ವೀಕರಿಸಿ, ಆಮೇಲೆ 'ತುಮ್‌ಸಿಫು ಯೇಸು ಕ್ರಿಸ್ತೊ' ಎಂದು ಚರ್ಚಿನ ವಂದನೆ ಹೇಳುತ್ತಿದ್ದರು. ಸುಕುಮಾ ಅಜ್ಜಿಯರು ಫ್ರಾತೇರಿ ಬಂದನೆಂದು ಮೊಣಕಾಲು ಮಡಚಿ ವಂದಿಸುವಾಗ ಮಾತ್ರ ಮೈ ಮುದುಡುತ್ತಿತ್ತು. ನಮ್ಮ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಕಿರಿಯರು ಹಿರಿಯರ ಹತ್ತಿರ 'ಬೆಸಾಂವ್' (ಆಶೀರ್ವಾದ) ಕೇಳುವುದು ಪದ್ಧತಿ. ಹಾಗಾಗಿ ನಾನೇ ತಲೆ ಬಗ್ಗಿಸಿ ಆ ಅಜ್ಜಿಯರ ಆಶೀರ್ವಾದ ಕೇಳತೊಡಗಿದೆ. ಮೊದಲು ನಕ್ಕರು, ಆಮೇಲೆ ಹಣೆಗೆ ಶಿಲುಬೆ ಎಳೆದರು.

ಆ ಸೀಮೆಯ ತಗ್ಗುಗಳಲ್ಲಿ ಎರೆಮಣ್ಣು. ಧಾರವಾಡ, ಗದಗ ಕಡೆಯವರಿಗೆ ಅದೇನೆಂದು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು, ನವೆಂಬರಿನಲ್ಲಿ ಮಳೆ ಹಿಡಿಯಿತೆಂದರೆ ಪಿಕಿಪಿಕಿಯ, ಅಂದರೆ ಮೋಟಾರ್‌ಸೈಕಲ್ಲಿನ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ನಿಂತುಬಿಡುತ್ತದೆ. ಮುಂದಿನ ಮಡ್‌ಗಾರ್ಡನ್ನು ಎತ್ತರಕ್ಕೆ ಕಟ್ಟಿಸಿಕೊಳ್ಳಬೇಕು, ಜೊತೆಗೊಂದು ಚಪ್ಪಟೆ ಕೋಲು ಇಟ್ಟುಕೊಳ್ಳಬೇಕು. ಯಾವ ಸೆಮಿನರಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ.

ಭಾನುವಾರದ ಪೂಜೆ ಎರಡು ತಾಸಿಗೆ ಮುಗಿದರೆ ಬೇಗ ಮುಗಿಯಿತೆಂದು ಲೆಕ್ಕ. ಗಾಯನ ತಂಡಗಳದ್ದೇ ಒಂದು ಲೋಕ. ಒಂದೊಂದಕ್ಕೂ ಬೇರೆ ಸಮವಸ್ತ್ರ, ಪರಸ್ಪರ ಪೈಪೋಟಿ. ಕಾಣಿಕೆಯ ಹೊತ್ತಿಗೆ ಪುಟ್ಟ ಮಕ್ಕಳು ಸಾಲಾಗಿ ಕುಣಿಯುತ್ತ ಬರುತ್ತಾರೆ, ಹಿಂದೆಯೇ ಜೋಳ, ಗೆಣಸು, ಮೊಟ್ಟೆ, ಕಾಲು ಕಟ್ಟಿದ ಕೋಳಿ. ಪೂಜೆಯಾದ ಮೇಲೆ ಅಂಗಳದಲ್ಲಿ ಇವೆಲ್ಲದರ ಹರಾಜು. ಇದು ನನಗೆ ಹೊಸದಾಗಿರಲಿಲ್ಲ, ನಮ್ಮಲ್ಲೂ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಮೊದಲ ಫಸಲಿನ ಸೌತೆ, ಬಾಳೆಗೊನೆ ಏಲಂ ಆಗುತ್ತದಲ್ಲ. ಮ್ಹಿಂದಿ ಆದ್ದರಿಂದ ವ್ಯಾಪಾರ ಚೆನ್ನಾಗಿ ಬರುತ್ತದೆಂದು ಹರಾಜು ಕೂಗುವ ಕೆಲಸ ನನಗೇ ವಹಿಸಿದರು. ಕೋಳಿಯ ಬೆಲೆ ಏರಿಸುತ್ತ ನನ್ನ ಸ್ವಾಹಿಲಿ ಸುಧಾರಿಸಿತು.

ಒಮ್ಮೆ ಸಿಮೆಂಟು ತರಲು ಮ್ವಾಂಝಾಕ್ಕೆ ಹೋಗುವಾಗ ಚರ್ಚಿನ ಸಮಿತಿಯವರು ನನ್ನನ್ನೂ ಕರೆದೊಯ್ದರು: ಅಂಗಡಿಯವರು ನಿಮ್ಮವರು, ರೇಟು ಕಡಿಮೆ ಮಾಡಿಸಿ ಎಂದು. ಮಾಲೀಕರು ಗುಜರಾತಿ ಮೂಲದ ಹಿರಿಯರು, ಹುಟ್ಟಿದ್ದು ಅಲ್ಲೇ, ಇಂಡಿಯಾ ನೋಡಿದ್ದು ಮದುವೆಗೆಂದು ಹೋದಾಗ ಮಾತ್ರವಂತೆ. ಅವರಿಗೆ ಕನ್ನಡವಾಗಲಿ ಕೊಂಕಣಿಯಾಗಲಿ ಬಾರದು, ನನಗೆ ಗುಜರಾತಿ ಬಾರದು. ಇಬ್ಬರೂ ಸ್ವಾಹಿಲಿಯಲ್ಲೇ ಚೌಕಾಸಿ ಮಾಡಿದೆವು. ಚಹಾ ಸಿಕ್ಕಿತು, ರೇಟು ಇಳಿಯಲಿಲ್ಲ.

ನಿಜವಾದ ಚರ್ಚು ಇರುವುದು 'ಜುಮುಯಿಯಾ'ಗಳಲ್ಲಿ. ಅಕ್ಕಪಕ್ಕದ ಒಂದಷ್ಟು ಮನೆಗಳವರು ವಾರಕ್ಕೊಮ್ಮೆ ಯಾರದಾದರೂ ಒಂದು ಮನೆಯಲ್ಲಿ ಸೇರಿ, ಬರುವ ಭಾನುವಾರದ ಶುಭಸಂದೇಶ ಓದಿ ಮಾತಾಡಿಕೊಳ್ಳುತ್ತಾರೆ. ಪೂರ್ವ ಆಫ್ರಿಕಾದ ಬಿಷಪರು 1970ರ ದಶಕದಲ್ಲೇ ಇದನ್ನು ತಮ್ಮ ಮುಖ್ಯ ಕೆಲಸವೆಂದು ಕೈಗೆತ್ತಿಕೊಂಡವರು. ಮದುವೆಗೋ ದೀಕ್ಷಾಸ್ನಾನಕ್ಕೋ ಪಾದ್ರಿಯ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಜುಮುಯಿಯಾ ಏನನ್ನುತ್ತದೆ ಎಂದು. ನಮ್ಮ ಚರ್ಚುಗಳ ವಾಡೊ (ಮನೆಗಳ ಗುಂಪು), ಗುರ್ಕಾರ್ (ಅದರ ಮುಖಂಡ) ವ್ಯವಸ್ಥೆ ಬಲ್ಲವರಿಗೆ ಇದರ ಬಲ ತಿಳಿಯುತ್ತದೆ.

ಈ ಬಲ ಎಲ್ಲಿ ಬೇಕಾಯಿತೆಂದು ಹೇಳುತ್ತೇನೆ. ಸುಕುಮಾ ಸೀಮೆಯಲ್ಲಿ ವಯಸ್ಸಾದ ಹೆಂಗಸರನ್ನು ಮಾಟಗಾತಿಯೆಂದು ಅನುಮಾನಿಸುವುದು, ಕೊಲ್ಲುವುದು ಇಂದು ನಿನ್ನೆಯ ಮಾತಲ್ಲ. ಕೆಂಪು ಕಣ್ಣು ಅದಕ್ಕೊಂದು ಗುರುತಂತೆ. ಕಿಟಕಿಯಿಲ್ಲದ ಅಡುಗೆ ಗುಡಿಸಲಿನಲ್ಲಿ ಸಗಣಿ, ಹಸಿ ಕಟ್ಟಿಗೆ ಉರಿಸುತ್ತ ಜೀವಮಾನ ಕಳೆದವಳ ಕಣ್ಣು ಕೆಂಪಾಗದೆ ಇನ್ನೇನಾದೀತು? ಹಳ್ಳಿಯಲ್ಲಿ ಮಗು ಸತ್ತರೆ ಮಲೇರಿಯಾ ಎಂದು ದವಾಖಾನೆಯವರು ಬರೆದುಕೊಡುತ್ತಾರೆ, ಜನ ಅದನ್ನು ನಂಬುತ್ತಾರೆ ಕೂಡ. ಆದರೆ ಆ ಸೊಳ್ಳೆಯನ್ನು ಕಳಿಸಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಭಾನುವಾರ ಹಾಡಿ ಕುಣಿದವರೇ ಸೋಮವಾರ ಕಣಿ ಕೇಳಲು ಹೋಗುತ್ತಾರೆ. ಇದನ್ನು ಮೂಢತನವೆಂದು ಪ್ರಬೋಧನೆಯಲ್ಲಿ ಬಯ್ಯುವುದು ಸುಲಭ. ಮಾಟ ಮಾಡಿಸುವುದನ್ನು, ತೆಗೆಸುವುದನ್ನು ಕಂಡೇ ಬೆಳೆದ ಊರಿನವನಿಗೆ, 2017ರಲ್ಲಿ ಇಂಥವುಗಳ ಮೇಲೆ ಕಾನೂನು ತರಬೇಕಾಗಿ ಬಂದ ರಾಜ್ಯದವನಿಗೆ, ಬಯ್ಯುವ ಬಾಯಿ ಬರಲಿಲ್ಲ.

ನಮ್ಮ ಉಪದೇಶಿ ಮಾಡುತ್ತಿದ್ದ ಉಪಾಯವೇ ಬೇರೆ. ಜುಮುಯಿಯಾ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತದೆಯಷ್ಟೆ. ಯಾವ ಅಜ್ಜಿಯ ಬಗ್ಗೆ ಪಿಸುಮಾತು ಶುರುವಾಗಿದೆಯೋ ಅವಳ ಮನೆಯ ಸರದಿ ಮೆಲ್ಲನೆ ತಪ್ಪಿಹೋಗತೊಡಗುತ್ತದೆ. ಅವರು ಸರದಿಯ ಚೀಟಿ ನೋಡಿ, "ಈ ವಾರ ಅಲ್ಲಿ" ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಿದ್ದರು. ನನ್ನ ಕೆಲಸ ಇಷ್ಟೇ: ಮೊದಲು ಹೋಗಿ ಆ ಅಂಗಳದ ಚಾಪೆಯ ಮೇಲೆ ಕೂರುವುದು, ಅವಳ ಕೈಯ ನೀರು ಕುಡಿಯುವುದು, ಎಲ್ಲರೂ ಬರುವವರೆಗೆ ಎದ್ದೇಳದಿರುವುದು. ನಾನು ಎರಡೂ ಕಡೆಗೆ ಸೇರದವನು, ಯಾರ ನೆಂಟನೂ ಅಲ್ಲ, ನನಗೆ ಮಾಟ ಹಾಕಿ ಯಾರಿಗೂ ಲಾಭವಿಲ್ಲ. ಮ್ಹಿಂದಿಯಾಗಿದ್ದರ ಉಪಯೋಗ ನನಗೆ ತಿಳಿದದ್ದು ಅಲ್ಲಿ. ಕೆಲವರು ತಡವಾಗಿ ಬಂದರು, ಕೆಲವರು ಬಾಗಿಲಲ್ಲೇ ನಿಂತರು. ಒಂದು ಮನೆಯಲ್ಲಿ ಮಾತು ತಣ್ಣಗಾಯಿತು. ಇನ್ನೊಂದು ಕಡೆ ಆ ಅಜ್ಜಿಯನ್ನು ಮಗ ಪೇಟೆಗೆ ಕರೆದುಕೊಂಡು ಹೋದ, ಅವಳು ಹಿಂತಿರುಗಲಿಲ್ಲ.

ಪ್ರಾರ್ಥನೆಯ ವಿಚಾರ. ಮುಂಜಾನೆ ಕತ್ತಲಲ್ಲೇ ಎದ್ದು ಕೀರ್ತನೆಗಳನ್ನು ಸ್ವಾಹಿಲಿಯಲ್ಲಿ ಓದುತ್ತಿದ್ದೆವು. ಅರ್ಥದ ಹಿಂದೆ ಓಡುವುದರಲ್ಲೇ ಭಕ್ತಿ ಮುಗಿದುಹೋಗುತ್ತಿತ್ತು. ಮನಸ್ಸು ಒಣಗಿದಾಗ ದೇವರು ದೂರವಾದನೆಂದು ಗಾಬರಿ ಬೇಡ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಹೋಗಿ ಕೂತಿರು ಎಂದು ನಮ್ಮ ವೃದ್ಧ ಪಾದ್ರಿಯೊಬ್ಬರು ಹೊರಡುವ ಮುಂಚೆ ಹೇಳಿದ್ದರು. ಹಾಗೇ ಮಾಡಿದೆ. ಹೆಚ್ಚಿನ ದಿನ ಏನೂ ಅನ್ನಿಸುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ರಾತ್ರಿ ಸೊಳ್ಳೆಪರದೆಯೊಳಗೆ ಜಪಸರ ಮಾತ್ರ ಕೊಂಕಣಿಯಲ್ಲಿ. ಅದೊಂದು ಭಾಷಾಂತರವಿಲ್ಲದೆ ಒಳಗೆ ಇಳಿಯುತ್ತಿತ್ತು.

ಆ ಸೀಮೆಯ ನಂಬಿಕೆಗೆ ಒಳ್ಳೆಯ ಮುಖವೂ ಇದೆ, ಅದನ್ನು ಬುಜೋರಾದಲ್ಲಿ ಕಂಡೆ. ಮ್ವಾಂಝಾ ಹತ್ತಿರದ ಈ ಊರಿನಲ್ಲಿ ಕೆನಡಾದ ಡೇವಿಡ್ ಕ್ಲೆಮೆಂಟ್ ಎಂಬ ಪಾದ್ರಿ ಸುಕುಮಾ ಅರಸರ ಮನೆಯ ಆಕಾರದಲ್ಲಿ ದುಂಡಗಿನ ಚರ್ಚು ಕಟ್ಟಿಸಿ, ಪಕ್ಕದಲ್ಲೇ ಸುಕುಮಾ ವಸ್ತುಸಂಗ್ರಹಾಲಯ ಮಾಡಿದರು. ಜೂನ್ ಹೊತ್ತಿಗೆ ಪರಮಪ್ರಸಾದದ ಹಬ್ಬದ ಜೊತೆಗೇ 'ಬುಲಾಬೊ' ಉತ್ಸವ: ಬಗಿಕಾ, ಬಗಾಲು ಎಂಬ ಎರಡು ಬಣಗಳ ನಡುವೆ ಕುಣಿತದ ಪಂದ್ಯ. ಡೋಲು, ಗುದ್ದಲಿ, ಕೆಲವರ ಕೊರಳಿಗೆ ಹೆಬ್ಬಾವು. ಯಾವ ತಂಡ ಹೆಚ್ಚು ಜನರನ್ನು ತನ್ನತ್ತ ಸೆಳೆಯಿತೋ ಅದೇ ಗೆದ್ದದ್ದು. ಭೂತದ ನೇಮದ ಡೋಲು ಕೇಳಿ ಬೆಳೆದ ನನಗೆ ಆ ಧೂಳಿನಲ್ಲಿ ನಿಂತಿರಲು ಕಷ್ಟವಾಗಲಿಲ್ಲ.

ಊಟದ ಬಗ್ಗೆ ಅಮ್ಮನಿಗೆ ಇದ್ದ ಚಿಂತೆ ನನಗಿರಲಿಲ್ಲ. ಉಗಾಲಿ ಎಂದರೆ ಬಿಳಿ ಜೋಳದಹಿಟ್ಟಿನ, ಅಂದರೆ ಮೆಕ್ಕೆಜೋಳದ, ಮುದ್ದೆಯೇ. ಹಳೇ ಮೈಸೂರಿನವರಾಗಿದ್ದರೆ ಮೊದಲ ದಿನವೇ ಒಗ್ಗಿಕೊಳ್ಳುತ್ತಿದ್ದರು. ಕುಚ್ಚಲಕ್ಕಿ ಗಂಜಿಯವನಿಗೆ ಸ್ವಲ್ಪ ದಿನ ಹಿಡಿಯಿತು. ಸರೋವರದ 'ಸಾತೊ' ಮೀನು, ಒಣಗಿಸಿದ ಪುಟ್ಟ 'ದಗಾ', ಹರಿವೆ ಸೊಪ್ಪು ಎಲ್ಲ ನಮ್ಮ ನಾಲಗೆಗೆ ಹತ್ತಿರದವೇ. ಅಮ್ಮನ ಫೋನು ಭಾನುವಾರ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ಅಂತರ. ನನ್ನ ಸಂಜೆ ಆರಕ್ಕೆ ಮನೆಯಲ್ಲಿ ಎಂಟೂವರೆ, ತೇರ್ಸ್ ಮುಗಿದಿರುತ್ತದೆ. "ಪುತಾ, ಜ್ವರ ಬಂತಾ?" ಎಂಬುದೇ ಮೊದಲ ಮಾತು. ಬಂದಿತ್ತು. ಬೆರಳು ಚುಚ್ಚಿ ಪರೀಕ್ಷೆ, ಮೂರು ದಿನದ ಮಾತ್ರೆ, ಮುಗಿಯಿತು. ಅಮ್ಮನಿಗೆ ಹೇಳಿದ್ದು ಗುಣವಾದ ಮೇಲೆ.

ಈಗ ನಮ್ಮಲ್ಲಿಂದ ಇನ್ನೊಬ್ಬ ಬ್ರದರ್ ಅದೇ ಕಡೆಗೆ ಹೊರಟಿದ್ದಾನೆ, ಏನು ಒಯ್ಯಲಿ ಎಂದು ಕೇಳುತ್ತಾನೆ. ವಾಸದ ಪರವಾನಗಿಗೆ ಮಿಷನರಿಗಳದ್ದು 'ಸಿ' ವರ್ಗ, ಕಾಗದಗಳ ಪ್ರತಿ ನಾಲ್ಕಾರು ಇಟ್ಟುಕೊ. ಮೊದಲ ವರ್ಷ ಹೊಸ ಯೋಜನೆ, ಬಾವಿ, ಶಾಲೆ ಎಂದು ಏನೂ ಶುರು ಮಾಡಬೇಡ. ಹಣ ನಿನ್ನ ಕೈಯಲ್ಲಿದೆ ಎಂದು ಗೊತ್ತಾದ ದಿನವೇ ನೀನು ಮತ್ತೆ ಅಂಗಡಿಯವನಾಗುತ್ತೀ. ಉಪದೇಶಿಯ ಮಾತು ಮೀರಬೇಡ. ಗಮ್‌ಬೂಟು ಅಲ್ಲೇ ಸಿಗುತ್ತದೆ, ಇಲ್ಲಿಂದ ಹೊರಬೇಕಿಲ್ಲ. ಮಿಡಿ ಉಪ್ಪಿನಕಾಯಿ ಮಾತ್ರ ಎರಡು ಬಾಟಲಿ ಒಯ್ಯಿ, ಒಂದು ಅಲ್ಲಿನ ಪಾದ್ರಿಗೆ. ಅವರಿಗೆ ಅದರ ರುಚಿ ಹತ್ತಿಸಿ ಬಂದಿದ್ದೇನೆ.