ಕೊಳೆ ಕಾಣುವ ಮೊದಲೇ ತೋಟಕ್ಕೆ ಇಳಿಯಿರಿ

ಮಳೆಗಾಲದಲ್ಲಿ ಅಡಿಕೆಯ ಹಸಿರು ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಏನು ಹೊಡೆಯಬೇಕು ಅಂತ ಕೇಳುವವರು ಆಗಸ್ಟ್‌ನಲ್ಲೇ ಜಾಸ್ತಿ. ಆಗ ಕಾಯಿ ಉದುರಲು ಶುರುವಾಗಿರುತ್ತದೆ. ಉದುರಿದ್ದು ಹೋಯಿತು, ಉಳಿದಿದ್ದನ್ನಷ್ಟೇ ಕಾಯಬಹುದು. ತೀರ್ಥಹಳ್ಳಿ ಕಡೆಯ ನಮ್ಮ ಎರಡು ಎಕರೆ ತೋಟದಲ್ಲಿ ನಾನು ಮೇ ತಿಂಗಳಲ್ಲೇ ಕೊಳೆ ಕೆಲಸ ಹಿಡಿಯುತ್ತೇನೆ.

ಮೊದಲು ಬಸಿಗಾಲುವೆಯ ಹೂಳು ತೆಗೆಸಿ. ಹಿಂದಿನ ವರ್ಷ ರೋಗ ಬಂದು ಮರದಲ್ಲೇ ಒಣಗಿದ ಕೊನೆಗಳನ್ನು (ಅಡಿಕೆ ಗೊಂಚಲುಗಳನ್ನು) ಇಳಿಸಿ ಸುಟ್ಟುಬಿಡಿ. ರೋಗದ ಬೀಜ ಅಲ್ಲೇ ಕೂತಿರುತ್ತದೆ.

ಆಮೇಲೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯವರಿಗೆ ಕಲಿಸಿಕೊಟ್ಟ ಔಷಧಿ ಇದು. ಇವತ್ತಿಗೂ ನನ್ನ ನಂಬಿಕೆ ಇದರ ಮೇಲೇ. ಆದರೆ ಸರಿಯಾಗಿ ಕಲಸಬೇಕು.

ಒಂದು ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ರಾತ್ರಿ ತೂಗುಬಿಡಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಬೆಳಿಗ್ಗೆ ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಅದು ಕುದಿದು, ಅರಳಿ, ತಣ್ಣಗಾದ ಮೇಲೆ ಒಟ್ಟು 50 ಲೀಟರ್ ಮಾಡಿ ಸೋಸಿ. ಈಗ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ತಿರುವಿ. ಆಕಾಶದ ನೀಲಿ ಬಣ್ಣ ಬರುತ್ತದೆ. ಆಮೇಲೆ ಔಷಧಿ ಕಾಯಿಗೆ ಅಂಟಿಕೊಳ್ಳಲು ರಾಳ ಸೇರಿಸಿ.

ಅವಸರ ಬೇಡ, ಇನ್ನೊಂದು ಕೆಲಸ ಇದೆ. ಚೆನ್ನಾಗಿ ಮಸೆದ ಕತ್ತಿಯನ್ನು ಅದರಲ್ಲಿ ಐದು ನಿಮಿಷ ಅದ್ದಿಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಜಾಸ್ತಿ ಅಂತ ಅರ್ಥ. ಕೆಂಪು ಕೂರುವುದು ನಿಲ್ಲುವ ತನಕ ಸುಣ್ಣದ ತಿಳಿ ಹಾಕುತ್ತಾ ಹೋಗಿ. ಒಂದು ವರ್ಷ ಅಂಗಡಿಯಿಂದ ತಂದ ಸುಣ್ಣ ಹಳೆಯದು, ಮೂಟೆಯಲ್ಲೇ ಪುಡಿಯಾಗಿತ್ತು. ಮೋಡ ಕವಿದಿತ್ತು ಅಂತ ನಾನು ಕತ್ತಿ ಅದ್ದಲಿಲ್ಲ. ಎಳೆಕಾಯಿ ಸುಟ್ಟು ಕಪ್ಪಾದವು. ಆ ಕೊನೆಗಳನ್ನು ನೋಡುವಾಗ ಹೊಟ್ಟೆ ಉರಿಯಿತು.

ಕಲಸಿದ್ದನ್ನು ಅದೇ ದಿನ ಮುಗಿಸಿ. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಬಿಸಿಲು ಬಿದ್ದಾಗ ಇನ್ನೊಂದು ಸಲ. ಕೊನೆಯ ಒಳಸಂದಿಗೂ ಔಷಧಿ ತಾಗಬೇಕು. ಮಳೆ ಎಳೆದರೆ ಮಾತ್ರ ಮೂರನೆಯದು. ಸುಮ್ನೆ ಭಯಕ್ಕೆ ಹೊಡೆಯಬೇಡಿ, ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ನಾಲ್ಕಾರು ಮರ ಇರುವವರು ಮಳೆಗೆ ಮೊದಲೇ ಕೊಟ್ಟೆ ಕಟ್ಟಿದರೆ, ಅಂದರೆ ಗೊಂಚಲು ನೆನೆಯದ ಹಾಗೆ ಹೊದಿಕೆ ಕಟ್ಟಿದರೆ ಸಾಕು.

ಜುಲೈಯಲ್ಲಿ ದಿನಾ ಒಂದು ಸುತ್ತು ಹಾಕಿ. ಉದುರಿದ ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಮೇಲೆ ಬಿಳಿ ಬೂಸ್ಟು ಕಂಡರೆ ಅದೇ ಕೊಳೆ. ಆರಿಸಿ ತೋಟದಿಂದ ಹೊರಗೆ ಸಾಗಿಸಿ.

ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದೀರಾ? ಅದರ ಶೀಘ್ರ ಸೊರಗು ರೋಗಕ್ಕೂ ಕೊಳೆಯ ಬಳಗದ್ದೇ ರೋಗಾಣು ಕಾರಣ. ರೋಗಾಣುವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮ. ಅದನ್ನು ಒಂದು ಕೆಜಿ 100 ಕೆಜಿ ಹಳೆ ಗೊಬ್ಬರಕ್ಕೆ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಗೋಣಿ ಮುಚ್ಚಿ ಎರಡು ವಾರ ಇಡಿ. ನಡುವೆ ಒಮ್ಮೆ ಮಗುಚಿ. ಬಳ್ಳಿಯ ಬುಡಕ್ಕೆ ಹಾಕುವಾಗ ಹತ್ತಿರದಲ್ಲಿ ಬೋರ್ಡೋ ಸುರಿದಿರಬಾರದು. ತಾಮ್ರ ತಾಗಿದರೆ ಟ್ರೈಕೋಡರ್ಮವೂ ಸಾಯಬಹುದು.